ಬೆಲ್ಲದ ಹೋಳಿಗೆ ಆದರೆ ತಿನ್ನಬಹುದಾ?

ಪ್ರಶ್ನೆ: ನನಗೆ 58 ವರ್ಷ. ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಹಬ್ಬಕ್ಕೆ ಕಾಯಿ ಹೋಳಿಗೆ ಮಾಡಿದರೆ, ಬೆಲ್ಲ ತಾನೇ, ಏನೂ ಆಗಲ್ಲ ಅಂತ ಮನೆಯವರು ಬಡಿಸುತ್ತಾರೆ. ಉಪವಾಸವಿದ್ದು ಹಾಸನಾಂಬೆ ದರ್ಶನಕ್ಕೂ ಹೋಗಬೇಕು ಅಂತಿದೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಹೋಳಿಗೆ ತಿನ್ನಿ, ಬೆಲ್ಲದ ಮಾತು ಮಾತ್ರ ನಂಬಬೇಡಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಗ್ಲೂಕೋಸ್ ಏರಿಸುವುದರಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ, ಜೊತೆಗೆ ಕಣಕದ ಮೈದಾ ಬೇರೆ ಇದೆಯಲ್ಲ. ಮೊದಲು ಕೋಸಂಬರಿ, ಪಲ್ಯ ತಿನ್ನಿ. ಅನ್ನ ಅರ್ಧ ಮಾಡಿ. ಆಮೇಲೆ ಒಂದೇ ಹೋಳಿಗೆ, ಚಿಕ್ಕದು. ತುಪ್ಪ ಸುರಿಯುವವರ ಕೈ ಹಿಡಿಯಿರಿ! ಊಟ ಆದಮೇಲೆ ಸ್ವಲ್ಪ ನಡೆದರೆ ಒಳ್ಳೆಯದು.

ನನಗೆ ಜಾಸ್ತಿ ಚಿಂತೆ ನಿಮ್ಮ ಉಪವಾಸದ್ದು. ಈ ಮಾತ್ರೆ ನುಂಗಿ ಹೊಟ್ಟೆಗೆ ಏನೂ ಹಾಕದೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರೆ ಶುಗರ್ ದಿಢೀರ್ ಇಳಿಯಬಹುದು, ದೇವಿ ಬಾಗಿಲು ವರ್ಷಕ್ಕೊಮ್ಮೆ ತೆರೆಯುವಾಗ ಅಲ್ಲಿ ಜನ ಎಷ್ಟಿರುತ್ತಾರೆ ಅಂತ ನಿಮಗೇ ಗೊತ್ತು ಅಲ್ವಾ. ಹಾಗಾಗಿ ತಿಂಡಿ ತಿಂದೇ ಹೊರಡಿ. ಉಪವಾಸ ಬಿಡಲು ಮನಸ್ಸಿಲ್ಲ ಅಂದರೆ ಮಾತ್ರೆ ವಿಷಯ ವೈದ್ಯರನ್ನು ಮೊದಲೇ ಕೇಳಿ, ಸುಮ್ನೆ ನೀವೇ ನಿಲ್ಲಿಸಬೇಡಿ. ಕೈ ನಡುಗಿದರೆ, ಬೆವರಿದರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಮೂರು–ನಾಲ್ಕು ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಆಗ ಹೋಳಿಗೆ ಬೇಡ, ಅದರ ತುಪ್ಪ ಸಕ್ಕರೆಯನ್ನು ನಿಧಾನ ಮಾಡುತ್ತದೆ.