ಉಬುಂಟುನಲ್ಲಿ ಫೈಲ್ ಹುಡುಕುವ ‘ಎಫ್‌ಡಿ’ ಕಮಾಂಡ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ, ಪ್ಯಾಕೇಜೇ ಹಾಳಾಗಿದೆಯಾ?

ಪ್ಯಾಕೇಜ್ ಚೆನ್ನಾಗಿಯೇ ಇರಬೇಕು. ನೀವು ಓಡಿಸುತ್ತಿರುವುದು ಅದನ್ನಲ್ಲ, ಅಷ್ಟೆ.

ನೀವು ಬರೆದದ್ದು ಇಷ್ಟು: ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಡಿಟಿಪಿ ಅಂಗಡಿ. ಮದುವೆ ಕಾರ್ಡಿನ ಹಳೇ ಫೈಲ್ ಹುಡುಕಲು ಎಫ್‌ಡಿ-ಫೈಂಡ್ ಪ್ಯಾಕೇಜ್ ಹಾಕಿಕೊಂಡಿದ್ದೀರಿ. ಎಫ್‌ಡಿ ಅಂತ ಹೊಡೆದರೆ ‘ಸೆಗ್ಮೆಂಟೇಶನ್ ಫಾಲ್ಟ್’ (ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿ ಬೀಳುವುದು) ಬರುತ್ತದೆ. ತೆಗೆದು ಮತ್ತೆ ಹಾಕಿದರೂ ಅದೇ ಕಥೆ. ಕಂಪ್ಯೂಟರನ್ನು ಮೊದಲು ಬೇರೆಯವರು ನೋಡಿಕೊಳ್ಳುತ್ತಿದ್ದರು.

ನನಗೆ ಅನುಮಾನ ಬಂದದ್ದು ಆ ಕೊನೆಯ ಮಾತಿನ ಮೇಲೆ.

ಉಬುಂಟು, ಅದಕ್ಕೆ ಮೂಲವಾದ ಡೆಬಿಯನ್ ಎರಡರಲ್ಲೂ ಈ ಪ್ಯಾಕೇಜಿನೊಳಗಿನ ಪ್ರೋಗ್ರಾಂ ಹೆಸರು ‘ಎಫ್‌ಡಿಫೈಂಡ್’. ಬರೆದವರು ಇಟ್ಟದ್ದು ಎಫ್‌ಡಿ ಅಂತಲೇ. ಆದರೆ ಎಫ್‌ಡಿಕ್ಲೋನ್ ಎಂಬ ಹಳೇ ಫೈಲ್ ಮ್ಯಾನೇಜರ್ ಆ ಹೆಸರನ್ನು ಮೊದಲೇ ಹಿಡಿದು ಕೂತಿತ್ತು. ಎರಡು ಪ್ಯಾಕೇಜ್ ಒಂದೇ ಜಾಗದಲ್ಲಿ ಒಂದೇ ಹೆಸರಿನ ಫೈಲ್ ಇಡುವಂತಿಲ್ಲ. ಹಾಗಾಗಿ ಆಮೇಲೆ ಬಂದದ್ದಕ್ಕೆ ಹೆಸರು ಬದಲಾಯಿತು. ಫೈಲ್ ತೆರೆದು ತೋರಿಸುವ ‘ಬ್ಯಾಟ್’ ಪ್ಯಾಕೇಜ್ ಹಾಕಿದರೆ ‘ಬ್ಯಾಟ್‌ಕ್ಯಾಟ್’ ಸಿಗುವುದೂ ಇದೇ ಕಾರಣಕ್ಕೆ. ನಿಯಮ ಸರಿಯೇ, ಆದರೆ ಇನ್‌ಸ್ಟಾಲ್ ಮುಗಿದ ಮೇಲೆ ಒಂದು ಸಾಲು ಹೇಳಬಹುದಿತ್ತು, ಅಲ್ವಾ?

ಹಾಗಾದರೆ ಕ್ರ್ಯಾಶ್ ಆಗುತ್ತಿರುವ ಎಫ್‌ಡಿ ಯಾವುದು? ‘ಟೈಪ್ -ಎ ಎಫ್‌ಡಿ’ ಅಂತ ಹೊಡೆಯಿರಿ, ಎಲ್ಲಿದೆ ಅಂತ ತೋರಿಸುತ್ತದೆ. ‘/ಯುಎಸ್‌ಆರ್/ಲೋಕಲ್/ಬಿನ್’ ಬಂದರೆ, ಹಿಂದಿನವರು ಕೈಯಾರೆ ತಂದು ಹಾಕಿದ ಫೈಲ್ ಅದು. ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ ಆಪ್ಟ್ ಆ ಫೋಲ್ಡರಿನ ತಂಟೆಗೇ ಹೋಗುವುದಿಲ್ಲ. ನೀವು ಎಷ್ಟು ಸಲ ತೆಗೆದು ಹಾಕಿದರೂ ಅದು ಅಲ್ಲೇ ಇರುತ್ತದೆ. ಆ ಫೋಲ್ಡರನ್ನು ಶೆಲ್ (ನೀವು ಹೊಡೆದ ಕಮಾಂಡನ್ನು ಹುಡುಕಿ ಓಡಿಸುವ ಪ್ರೋಗ್ರಾಂ) ‘/ಯುಎಸ್‌ಆರ್/ಬಿನ್’ಗಿಂತ ಮೊದಲು ನೋಡುತ್ತದೆ, ಅದೂ ನೆನಪಿರಲಿ.

ಈಗ ಅದೇ ಫೈಲಿನ ಮೇಲೆ ‘ಫೈಲ್’ ಕಮಾಂಡ್ ಓಡಿಸಿ. ಉತ್ತರದ ಕೊನೆಯಲ್ಲಿ ‘ಮಿಸ್ಸಿಂಗ್ ಸೆಕ್ಷನ್ ಹೆಡರ್ಸ್’ ಅಂತ ಇದ್ದರೆ ಫೈಲ್ ಅರ್ಧಕ್ಕೇ ಕಾಪಿ ಆಗಿದೆ. ಪೆನ್‌ಡ್ರೈವನ್ನು ಇಜೆಕ್ಟ್ ಮಾಡದೆ ಕಿತ್ತರೆ ಹೀಗಾಗುತ್ತದೆ, ನಡುವೆ ಕರೆಂಟ್ ಹೋದರೂ ಆಗುತ್ತದೆ. ನಮ್ಮ ಕಡೆ ಬೇಸಿಗೆಯ ಕರೆಂಟಿನ ಬಗ್ಗೆ ನಿಮಗೆ ನಾನೇನು ಹೇಳುವುದು! ಇಂಥ ಫೈಲ್ ಓಡಿಸಿದರೆ ಸೆಗ್ಮೆಂಟೇಶನ್ ಫಾಲ್ಟ್ ಬರುತ್ತದೆ, ಇಲ್ಲವೇ ಬಸ್ ಎರರ್.

ಸದ್ಯಕ್ಕೆ ಅಳಿಸಬೇಡಿ. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಆ ಫೈಲಿನ ಹೆಸರನ್ನು ‘ಎಫ್‌ಡಿ.ಹಳೇದು’ ಅಂತ ಬದಲಿಸಿ. ಶೆಲ್ ಹಳೇ ಜಾಗವನ್ನೇ ನೆನಪಿಟ್ಟುಕೊಂಡಿರುತ್ತದೆ, ಅದಕ್ಕೆ ‘ಹ್ಯಾಶ್ -ಆರ್’ ಹೊಡೆಯಿರಿ. ಆಮೇಲೆ ‘ಎಫ್‌ಡಿಫೈಂಡ್’ ಓಡಿಸಿ ನೋಡಿ. ಅಷ್ಟು ಉದ್ದ ಹೊಡೆಯಲು ಬೇಜಾರಾದರೆ ನಿಮ್ಮ ಹೋಮ್ ಫೋಲ್ಡರಿನ ‘.ಲೋಕಲ್/ಬಿನ್’ ಒಳಗೆ ಎಫ್‌ಡಿ ಹೆಸರಿನ ಒಂದು ಸಿಂಬಾಲಿಕ್ ಲಿಂಕ್ (ಎಫ್‌ಡಿಫೈಂಡ್‌ಗೆ ದಾರಿ ತೋರಿಸುವ ಶಾರ್ಟ್‌ಕಟ್) ಮಾಡಿಕೊಳ್ಳಿ. ಆ ಫೋಲ್ಡರ್ ಈಗಷ್ಟೇ ಮಾಡಿದ್ದಾದರೆ ಒಮ್ಮೆ ಲಾಗೌಟ್ ಆಗಿ ಬನ್ನಿ.

ಎಫ್‌ಡಿಫೈಂಡ್ ಕೂಡ ಬಿದ್ದರೆ ಮಾತ್ರ ನಿಜವಾದ ತನಿಖೆ. ಬಿದ್ದ ತಕ್ಷಣ ‘ಎಕೋ $?’ ಹೊಡೆಯಿರಿ, ಪ್ರೋಗ್ರಾಂ ಹೇಗೆ ಮುಗಿಯಿತು ಅಂತ ಒಂದು ಸಂಖ್ಯೆ ತೋರಿಸುತ್ತದೆ. 139 ಬಂದರೆ ಅದು 128ಕ್ಕೆ 11 ಸೇರಿದ್ದು. ಸಿಗ್ನಲ್‌ನಿಂದ ಸತ್ತ ಪ್ರೋಗ್ರಾಂಗೆ ಶೆಲ್ 128 ಸೇರಿಸುತ್ತದೆ, 11 ಅಂದರೆ ಸೆಗ್ಮೆಂಟೇಶನ್ ಫಾಲ್ಟಿನ ಸಿಗ್ನಲ್. ಆಮೇಲೆ ಸಿಸ್ಟಂನ ಸಂದೇಶಗಳನ್ನು ತೋರಿಸುವ ‘ಸುಡೋ ಡಿಎಂಇಎಸ್‌ಜಿ’ಯ ಕೊನೆಯ ಸಾಲುಗಳನ್ನು ನೋಡಿ. ‘ಇನ್’ ಪದದ ನಂತರ ಯಾವ ಫೈಲಿನ ಹೆಸರಿದೆಯೋ ಅದರೊಳಗೇ ಪ್ರೋಗ್ರಾಂ ಬಿದ್ದಿರುತ್ತದೆ. ಇವತ್ತು ಇದು, ನಾಳೆ ಫೈರ್‌ಫಾಕ್ಸ್, ನಾಡಿದ್ದು ಇನ್ನೊಂದು ಅಂತ ಬೇರೆ ಬೇರೆ ಬೀಳುತ್ತಿದ್ದರೆ ಸಾಫ್ಟ್‌ವೇರ್ ಬಿಟ್ಟು ರ‍್ಯಾಮ್ ಮೇಲೆ ಕಣ್ಣಿಡಿ. ಅಂಗಡಿ ಮುಚ್ಚುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿ ಹೋಗಿ, ಬೆಳಗ್ಗೆ ಬರುವಷ್ಟರಲ್ಲಿ ಗೊತ್ತಾಗಿರುತ್ತದೆ.