ಮಾದರಿ ವಿಮಾನ, ಓದುಗರ ಪ್ರಶ್ನೆ: ರೆಕ್ಕೆ ಬಿಚ್ಚಬೇಡಿ, ಗೂಡನ್ನೇ ಬಿಚ್ಚಿ

ಪ್ರಶ್ನೆ: ನನ್ನದು 60 ಇಂಚು ರೆಕ್ಕೆಯ ಟೈಗರ್ ಮಾತ್ (ಮೇಲೊಂದು ಕೆಳಗೊಂದು ರೆಕ್ಕೆಯ ಬೈಪ್ಲೇನ್), ಬಾಲ್ಸಾ ಎಂಬ ಹಗುರ ಮರ ಮತ್ತು ಪ್ಲೈವುಡ್‌ನದು. ಬಯಲಿಗೆ ಒಯ್ದು ರೆಕ್ಕೆ, ಸ್ಟ್ರಟ್ (ರೆಕ್ಕೆಗಳ ನಡುವಿನ ಕಂಬ), ತಂತಿ, ಸ್ಕ್ರೂ ಅಂತ ಕೂರಿಸುವುದೆಂದರೆ ಮದುವೆ ಮನೆಗೆ ಶಾಮಿಯಾನ ಹಾಕಿದ ಹಾಗೆ. ಅಷ್ಟರಲ್ಲಿ ಗಾಳಿ ಎದ್ದಿರುತ್ತದೆ, ಜೊತೆಯವರು ಬ್ಯಾಟರಿ ಖಾಲಿ ಮಾಡಿಕೊಂಡು ಟೀಗೆ ಹೊರಟಿರುತ್ತಾರೆ. ಸುಲಭದ ದಾರಿ ಇದೆಯೇ? (ತುಮಕೂರಿನ ಓದುಗರು)

ಇದೆ. ಬಯಲಿನಲ್ಲಿ ಕೂಡಿಸಬೇಕಾದ ತುಂಡು ಎರಡೇ ಇರಲಿ: ಎಡಗಡೆಯ ಗೂಡು, ಬಲಗಡೆಯ ಗೂಡು. ಒಂದು ಪಕ್ಕದ ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ, ನಡುವಿನ ಸ್ಟ್ರಟ್‌ಗಳು, ತಂತಿ ಇವಿಷ್ಟನ್ನೂ ಮನೆಯ ಮೇಜಿನ ಮೇಲೆ ಒಮ್ಮೆ ಸರಿಯಾಗಿ ಕೂರಿಸಿ ಹಾಗೇ ಬಿಡಿ. ನಿಮ್ಮ ಅಳತೆಯ ವಿಮಾನಕ್ಕೆ ಒಂದು ಗೂಡು ಹೆಚ್ಚೆಂದರೆ 70 ಸೆಂ.ಮೀ. ಉದ್ದ ಬಂದೀತು. ಎರಡೂ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತವೆ.

ಇದಕ್ಕೆ ತಂತಿಯ ಒಳತುದಿ ವಿಮಾನದ ದೇಹಕ್ಕೆ ಸಿಕ್ಕಿಕೊಳ್ಳಬಾರದು, ರೆಕ್ಕೆಯ ಬುಡದ ಅಡ್ಡಪಟ್ಟಿಗೆ, ಅಂದರೆ ರಿಬ್‌ಗೇ ಸಿಕ್ಕಿಕೊಳ್ಳಬೇಕು. ಅಸಲಿ ವಿಮಾನದಲ್ಲಿ ಹೀಗಿಲ್ಲವೆಂದು ಸ್ಕೇಲ್ ಪಂಡಿತರು ಮೂಗು ಮುರಿಯುತ್ತಾರೆ. ಮುರಿಯಲಿ. ಹತ್ತಡಿ ದೂರದಿಂದ ಅವರಿಗೂ ಕಾಣಿಸುವುದಿಲ್ಲ.

ಇನ್ನು ಗೂಡನ್ನು ದೇಹಕ್ಕೆ ಹಿಡಿಸುವ ಬಗೆ. ಕೆಳಗಿನ ರೆಕ್ಕೆಗೆ ದೇಹದಿಂದ ಒಂದು ಅಲ್ಯೂಮಿನಿಯಂ ಕೊಳವೆ, ಮೇಲಿನದಕ್ಕೆ ನಡುಭಾಗದಿಂದ ಇನ್ನೊಂದು. ಹಿಂಬದಿಯಲ್ಲಿ ರೆಕ್ಕೆ ತಿರುಗದಂತೆ ತಡೆಯುವ ಪಿನ್ನು. ಗೂಡು ಸರಾಗವಾಗಿ ಜಾರಬೇಕಾದರೆ ಎರಡೂ ಕೊಳವೆ ಒಂದಕ್ಕೊಂದು ಸಮಾನಾಂತರವಾಗಿರಲೇಬೇಕು. ಟೈಗರ್ ಮಾತ್ ಕೈಕೊಡುವುದು ಇಲ್ಲೇ. ಅದರ ರೆಕ್ಕೆಗಳು ಹಿಂದಕ್ಕೆ ವಾಲಿವೆ, ತುದಿಯತ್ತ ಏರಿಯೂ ಇವೆ. ಮೇಲಿನದರ ಏರು, ಕೆಳಗಿನದರ ಏರು ಒಂದೇ ಅಲ್ಲ. ರೆಕ್ಕೆಯ ಜಾಡು ಹಿಡಿದು ಕೊಳವೆ ಕೂರಿಸಿದರೆ ಗೂಡು ಅರ್ಧ ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನಾಲ್ಕೂ ಕೊಳವೆಗಳನ್ನು ದೇಹಕ್ಕೆ ನೇರ ಅಡ್ಡವಾಗಿ ಕೂರಿಸಿ, ಅವು ಜಾರಿ ಕೂರುವ ಹೊರಕೊಳವೆ, ಅಂದರೆ ತೋಳು, ರೆಕ್ಕೆಯೊಳಗೆ ಓರೆಯಾಗಿ ಹೋಗಲಿ. 4 ಡಿಗ್ರಿ ಏರಿದ್ದರೆ 10 ಸೆಂ.ಮೀ. ಉದ್ದಕ್ಕೆ 7 ಮಿ.ಮೀ. ವ್ಯತ್ಯಾಸ. ರೆಕ್ಕೆಯ ದಪ್ಪದಲ್ಲಿ ಅಷ್ಟು ಜಾಗ ಇದೆ, ಆದರೆ ಕೊಳವೆ ಅದಕ್ಕಿಂತ ತೀರಾ ಉದ್ದ ಬೇಡ.

ಅಳೆದು ಕೊರೆದು ಸಮಾನಾಂತರ ತರುತ್ತೇನೆಂದು ಹೊರಡಬೇಡಿ. ನಾನು ಟೂಲ್‌ರೂಮಿನಲ್ಲೇ ತಲೆ ಹಣ್ಣಾದವನು. ಇಂಥ ಕಡೆ ಅಳತೆಪಟ್ಟಿಗಿಂತ ಅಂಟನ್ನೇ ನಂಬುತ್ತೇನೆ. ರಿಬ್‌ಗಳಲ್ಲಿ ತೂತು ಸ್ವಲ್ಪ ದೊಡ್ಡದೇ ಇರಲಿ. ಸ್ಟ್ರಟ್ ಸಮೇತ ಇಡೀ ಗೂಡನ್ನು ಕೊಳವೆಗಳ ಮೇಲೆ ನಿಲ್ಲಿಸಿ, ಇನ್ಸಿಡೆನ್ಸ್ (ದೇಹಕ್ಕೆ ರೆಕ್ಕೆ ಕೂತಿರುವ ಕೋನ) ನೋಡಿಕೊಂಡು, ಆಮೇಲೆ ತೋಳಿನ ಸುತ್ತ ಎಪಾಕ್ಸಿ ತುಂಬಿ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ, ಐದು ನಿಮಿಷದ್ದಲ್ಲ. ಕೊಳವೆಗೆ ಮೊದಲೇ ಮೇಣ ಸವರಿರಿ, ಇಲ್ಲದಿದ್ದರೆ ಅದೂ ಒಳಗೇ ಕಾಯಂ. 25 ಸೆಂ.ಮೀ. ಅಗಲದ ರೆಕ್ಕೆಯಲ್ಲಿ ಹಿಂದಂಚು ಸುಮಾರು 4 ಮಿ.ಮೀ. ಸರಿದರೆ ಒಂದು ಡಿಗ್ರಿ. ಪ್ರತಿ ಭಾನುವಾರ ಬಿಚ್ಚಿ ಕಟ್ಟುವ ವಿಮಾನ ಒಂದು ವಾರ ಮೂಗೆತ್ತಿ, ಇನ್ನೊಂದು ವಾರ ಮೂಗಿಳಿಸಿ ಹಾರುವುದಕ್ಕೆ ಇಷ್ಟು ಸಾಕು.

ಕಳಚದಂತೆ ಹಿಡಿಯಲು ದೇಹದ ಒಳಗಿನಿಂದ ಬುಡದ ರಿಬ್‌ಗೆ ನೈಲಾನ್ ಬೋಲ್ಟು, ಪಕ್ಕಕ್ಕೆ ಮೇಲೊಂದು ಕೆಳಗೊಂದು. ನೈಲಾನೇ ಏಕೆಂದರೆ ನೆಲಕ್ಕೆ ಬಡಿದಾಗ ಮೊದಲು ಅದು ತುಂಡಾಗುತ್ತದೆ, ರೆಕ್ಕೆಯ ಬುಡ ಉಳಿಯುತ್ತದೆ. ಬೋಲ್ಟಿನ ಕತ್ತಿಗೆ ಪುಟ್ಟ ಸಿಲಿಕೋನ್ ಟ್ಯೂಬ್ ತುಂಡು ಏರಿಸಿದರೆ ಸಡಿಲಿಸಿದಾಗಲೂ ತೂತಿನಲ್ಲೇ ನಿಲ್ಲುತ್ತದೆ, ಹುಲ್ಲಿನಲ್ಲಿ ಹುಡುಕುವ ಕೆಲಸ ತಪ್ಪುತ್ತದೆ. ಮ್ಯಾಗ್ನೆಟ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಬ್ಯಾಟರಿ ಮುಚ್ಚಳಕ್ಕೆ ಸಾಕು.

ಸಾಗಿಸುವಾಗ ಗೂಡಿನ ಮೇಲಿನ, ಕೆಳಗಿನ ರೆಕ್ಕೆಯ ಬುಡಗಳ ನಡುವೆ ಪ್ಲೈವುಡ್ ಪಟ್ಟಿಯೊಂದನ್ನು ಪಿನ್ನಿನಿಂದ ಸಿಕ್ಕಿಸಿ. ಗೂಡು ತಿರುಚುವುದು ಹಾರುವಾಗಲ್ಲ, ಕಾರಿನ ಬಾಗಿಲಲ್ಲಿ.

ಪ್ರಶ್ನೆ: ಅಸಲಿ ಮಾತ್ ವಿಮಾನಗಳು ರೆಕ್ಕೆ ಮಡಚುತ್ತಿದ್ದವಂತೆ. ಮಾದರಿಯಲ್ಲೂ ಹಾಗೇ ಮಾಡಬಹುದೇ? (ಧಾರವಾಡದ ಓದುಗರು)

ಮಡಚುತ್ತಿದ್ದದ್ದು ಡಿ ಹ್ಯಾವಿಲೆಂಡ್ ಕಂಪನಿಯ 1925ರ ಡಿ.ಎಚ್. 60 ಮಾತ್ ಮತ್ತು ಅದೇ ಸಾಲಿನ ಜಿಪ್ಸಿ ಮಾತ್. ಹಿಂಬದಿಯ ಸ್ಪಾರ್ (ರೆಕ್ಕೆಯುದ್ದದ ತೊಲೆ) ಮೇಲೆ ಕೀಲು, ರೆಕ್ಕೆಗಳ ಜೋಡಿ ಇಡಿಯಾಗಿ ಬಾಲದತ್ತ ತಿರುಗುತ್ತಿತ್ತು. 1930ರಲ್ಲಿ ಭಾರತ-ಇಂಗ್ಲೆಂಡ್ ನಡುವೆ ಒಬ್ಬರೇ ಹಾರುವ ಆಗಾ ಖಾನ್ ಬಹುಮಾನಕ್ಕಾಗಿ ವಿಮಾನಿಗರಾದ ಆಸ್ಪಿ ಎಂಜಿನಿಯರ್, ಜೆ.ಆರ್.ಡಿ. ಟಾಟಾ ಇಬ್ಬರೂ ಹಾರಿಸಿದ್ದು ಜಿಪ್ಸಿ ಮಾತನ್ನೇ. 1931ರ ಟೈಗರ್ ಮಾತ್ ಮಡಚುವುದಿಲ್ಲ. ಮುಂದಿನ ಸೀಟಿನವರು ಪ್ಯಾರಾಚೂಟ್ ಸಮೇತ ಹೊರಗೆ ಹಾರಲು ಜಾಗ ಬೇಕೆಂದು ಮೇಲಿನ ನಡುಭಾಗವನ್ನು ಮುಂದಕ್ಕೆ ಸರಿಸಿದರು. ತೂಕದ ಲೆಕ್ಕ ಸರಿತೂಗಲು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ಮೇಲಿನ ಪ್ರಶ್ನೆಯ ಓರೆ ತೋಳಿನ ಕಾಟದ ಮೂಲವೂ ಅದೇ. ಮಾದರಿಯಲ್ಲಿ ಕೀಲು ಮಾಡಬಹುದು, ನಾನು ಹೇಳುವುದಿಲ್ಲ. ಕಾಲಕ್ರಮೇಣ ಕೀಲು ಸಡಿಲವಾಗುತ್ತದೆ, ಕೊಳವೆ ಅಷ್ಟು ಬೇಗ ಸಡಿಲವಾಗದು.

ಪ್ರಶ್ನೆ: ಒಂದು ಮೀಟರಿನ ಫೋಮ್ ಬೈಪ್ಲೇನ್. ಮೇಲಿನ ರೆಕ್ಕೆಯ ಸ್ಕ್ರೂ ತೂತುಗಳು ದೊಡ್ಡದಾಗಿವೆ. (ಹಾಸನದ ಓದುಗರು)

ಬಿಚ್ಚುವುದೇಕೆ? ಅದು ಇಡಿಯಾಗಿ ಕಾರಿನಲ್ಲಿ ಹಿಡಿಸುತ್ತದೆ. ಬಿಚ್ಚಲೇಬೇಕಾದರೆ ತೂತಿನ ಹಿಂದೆ ಪ್ಲೈವುಡ್ ಬಿಲ್ಲೆ ಅಂಟಿಸಿ, ಬ್ಲೈಂಡ್ ನಟ್ (ಮರದಲ್ಲಿ ಹುದುಗಿ ನಿಲ್ಲುವ ನಟ್) ಕೂರಿಸಿ, ಮರದ ಸ್ಕ್ರೂ ಬದಲು 3 ಮಿ.ಮೀ. ಬೋಲ್ಟ್ ಹಾಕಿ.

ಪ್ರಶ್ನೆ: ನನ್ನ ಪಿಟ್ಸ್ ಬೈಪ್ಲೇನ್‌ನಲ್ಲಿ ನಾಲ್ಕು ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಪಟ್ಟಿ), ನಾಲ್ಕು ಸರ್ವೋ (ಅವನ್ನು ಆಡಿಸುವ ಪುಟ್ಟ ಮೋಟಾರು). ವೈರ್ ಜೋಡಿಸುವಾಗ ಗೊಂದಲ. (ಮಂಗಳೂರಿನ ಓದುಗರು)

ಸಾಮಾನ್ಯ ಹಾರಾಟಕ್ಕೆ ಕೆಳಗಿನ ಎರಡು ಸರ್ವೋ ಸಾಕು, ಬಲವಾದವನ್ನು ಹಾಕಿ. ಕೆಳಗಿನ ಐಲರಾನಿನಿಂದ ಮೇಲಿನದಕ್ಕೆ ಒಂದು ಕಡ್ಡಿ ಕೊಟ್ಟರೆ ಮೇಲಕ್ಕೆ ವೈರೇ ಹೋಗಬೇಕಿಲ್ಲ. ಗೂಡಿನ ಕ್ರಮದಲ್ಲಿ ಆ ಕಡ್ಡಿಯನ್ನೂ ಬಿಚ್ಚುವುದಿಲ್ಲ. ಉಳಿಯುವುದು ಪಕ್ಕಕ್ಕೊಂದು ಕನೆಕ್ಟರ್. ಅದರ ಒಂದು ಭಾಗವನ್ನು ದೇಹಕ್ಕೆ ಗಟ್ಟಿಯಾಗಿ ಅಂಟಿಸಿ, ರೆಕ್ಕೆಯ ಭಾಗವನ್ನು ಕೊಂಚ ಆಡುವಂತೆ ಬಿಟ್ಟರೆ ಗೂಡು ತಳ್ಳುತ್ತಿದ್ದಂತೆ ತಾನೇ ಕೂರುತ್ತದೆ. ಎಡಕ್ಕೆ ಕೆಂಪು ಟೇಪು, ಬಲಕ್ಕೆ ಹಸಿರು. ಹಾರಿಸುವ ಮೊದಲು ವಿಮಾನದ ಹಿಂದೆ ನಿಂತು ಸ್ಟಿಕ್ ಎಡಕ್ಕೆ ಒತ್ತಿ: ಎಡಗಡೆಯ ಎರಡೂ ಐಲರಾನ್ ಮೇಲೇಳಬೇಕು, ಬಲಗಡೆಯವು ಕೆಳಗಿಳಿಯಬೇಕು.