ಪ್ರತಿಕ್ರಿಯೆ: ದಾವಣಗೆರೆ ಸುತ್ತ ಏರುದಿಬ್ಬವಿಲ್ಲದ ಸೈಕಲ್ ಹಾದಿ

ಹತ್ತು ವರ್ಷದ ಮಗಳೊಂದಿಗೆ ದಾವಣಗೆರೆ ಸುತ್ತ ಅರ್ಧ ದಿನ ಸೈಕಲ್ ತುಳಿಯಬೇಕು, ಲಾರಿಗಳ ಕಾಟ ಇರಬಾರದು ಎಂದು ಕೇಳಿದ್ದೀರಿ. ಊರೊಳಗಿನಿಂದಲೇ ಹೊರಡುವ ಹಟ ಬೇಡ. ಲಗೇಜ್ ಆಟೊದಲ್ಲಿ ಸೈಕಲ್ ಹೇರಿಕೊಂಡು ಸಂತೇಬೆನ್ನೂರಿಗೆ ಹೋಗಿ, ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು ತಿಂಡಿ ಮುಗಿಸಿ, ಅಲ್ಲಿಂದ ತುಳಿಯಿರಿ. ನೀರಿನ ನಡುವಿನ ಮಂಟಪವನ್ನು ನೋಡಿದರೆ ಮಗಳು ಬೇಗ ಏಳುವುದಿಲ್ಲ, ಆ ಹೊತ್ತನ್ನೂ ಲೆಕ್ಕದಲ್ಲಿಡಿ.

ಅಲ್ಲಿಂದ ಸೂಳೆಕೆರೆಯ ದಿಕ್ಕಿಗೆ ಮುಖ್ಯರಸ್ತೆ ಬಿಟ್ಟು ಹಳ್ಳಿ ರಸ್ತೆಗಳನ್ನು ಹಿಡಿಯಿರಿ. ಚನ್ನಗಿರಿ ತಾಲ್ಲೂಕೆಂದರೆ ಅಡಿಕೆ ಸೀಮೆ. ತೋಟದ ಮಗ್ಗುಲಲ್ಲಿ ನೆರಳು ಸಿಗುತ್ತದೆ. ಕೊಯ್ಲಿನ ಕಾಲವಾದರೆ ಮನೆಯಂಗಳದಲ್ಲಿ ಹಂಡೆ ಕುದಿಯುತ್ತಿರುತ್ತದೆ. ಚೊಗರಿನ, ಅಂದರೆ ಅಡಿಕೆ ಬೆಂದ ಕೆಂಪು ರಸದ, ಒಗರು ವಾಸನೆ ಮೂಗಿಗೆ ಹತ್ತಿದರೆ ನಿಲ್ಲಿಸಿ, ಕೇಳಿ. ಸುಲಿದ ಹಸಿ ಅಡಿಕೆ ಬೆಂದು, ಒಣಗಿ ಕೆಂಪಡಿಕೆಯಾಗುವ ಬಗೆಯನ್ನು ತೋರಿಸುವವರು ಸಿಕ್ಕೇ ಸಿಗುತ್ತಾರೆ.

ಒಂದು ಎಚ್ಚರಿಕೆ. ಅಕ್ಟೋಬರ್, ನವೆಂಬರಿನಲ್ಲಿ ಮೆಕ್ಕೆಜೋಳವನ್ನು ರಸ್ತೆಯ ಮೇಲೆಯೇ ಹರವಿರುತ್ತಾರೆ. ಕಾಳಿನ ಮೇಲೆ ಚಕ್ರ ಗೋಲಿಯಂತೆ ಜಾರುತ್ತದೆ. ನನ್ನ ಮೊಣಕೈಯಲ್ಲಿ ಅದರ ಗುರುತು ಇನ್ನೂ ಇದೆ. ರಾಶಿಯ ಯಜಮಾನಿಗೆ ನನಗಿಂತ ಕಾಳಿನ ಚಿಂತೆಯೇ ಹೆಚ್ಚಾಗಿತ್ತು. ಇಳಿದು ತಳ್ಳಿಕೊಂಡು ಹೋಗಿ.

ಕಾಲುವೆ ಏರಿಯ ಹಾದಿಯ ಬಗ್ಗೆಯೂ ಕೇಳಿದ್ದಿರಿ. ನೀರು ತಾನಾಗಿ ಹರಿಯಬೇಕಾದ್ದರಿಂದ ಭದ್ರಾ ಕಾಲುವೆಯ ಪಕ್ಕ ಏರಿಳಿತ ಕಡಿಮೆ, ನಿಜ. ಆದರೆ ನೀರು ಬಿಟ್ಟಾಗ ಸೆಳೆತ ಜೋರು, ತಡೆಗೋಡೆ ಎಲ್ಲೆಡೆ ಇಲ್ಲ. ಮಗು ಜೊತೆಗಿದ್ದರೆ ನಾನಂತೂ ಹೋಗುವುದಿಲ್ಲ.